ಒಕ್ಕಲಿಗನ ಬಾಯಾರಿಕೆಯನ್ನು ಅಳೆಯುವವರಾರು?

"ನೀರಿಗೆ ಬೇಡಿಕೆ ಇಲ್ಲ!" ಈ ಸಣ್ಣ ವಾಕ್ಯವು ನಮ್ಮ ಬಯಲುಸೀಮೆಗೆ ಮಾಡಿದಷ್ಟು ಕೇಡನ್ನು ಬರಗಾಲವೂ ಮಾಡಿರಲಾರದು. ಬರಗಾಲವು ಬಂದು ಹೋಗುತ್ತದೆ. ಕಾಗದದ ಮೇಲೆ ಕುಳಿತ ವಾಕ್ಯವು ಹೋಗುವದಿಲ್ಲ. ಬಿತ್ತಿದ ಹೊಲವು ಲೆಕ್ಕಕ್ಕೆ ಬರುತ್ತದೆ. ನೀರುಂಡ ಹೊಲವು ಲೆಕ್ಕಕ್ಕೆ ಬರುತ್ತದೆ. ಕಾಲುವೆಯ ಕೊನೆಯಲ್ಲಿ ಕುಳಿತು, ಈ ವರುಷವೂ ನೀರು ಬರಲಾರದೆಂದು ಬಗೆದು, ಕೂರಿಗೆಯನ್ನು ಅಟ್ಟಕ್ಕೇರಿಸಿ ಕೂಲಿಗೆ ಊರು ಬಿಟ್ಟು ಹೋದವನ ಹೊಲವು ಮಾತ್ರ ಯಾವ ಲೆಕ್ಕಕ್ಕೂ ಬರುವದಿಲ್ಲ. ಅವನು ನೀರು ಕೇಳಲಿಲ್ಲವಂತೆ! ಕೇಳಿದರೂ ಸಿಗದೆಂದು ಕಲಿತವನು ಕೇಳುವದಾದರೂ ಹೇಗೆ? ಹಸಿದು ಹಸಿದು ಬಾಗಿಲಿಗೆ ಬರುವದನ್ನೇ ಬಿಟ್ಟವನನ್ನು ನೋಡಿ 'ಇವನಿಗೆ ಹಸಿವಿಲ್ಲ'ವೆಂದು ಬರೆದುಕೊಳ್ಳುವ ಅನ್ನಸತ್ರದ ಪಾರುಪತ್ಯಗಾರನನ್ನು ನಾವು ಏನೆಂದು ಕರೆಯುವೆವು?

ಆದುದರಿಂದ ಈ ವಾರ ನಾವು ವಾಚಕರ ಮುಂದೆ ಇಡುವ ಪ್ರಶ್ನೆಯು ಶುಷ್ಕವಾದ ಗಣಿತದ ಪ್ರಶ್ನೆಯಂತೆ ತೋರಿದರೂ ವಾಸ್ತವವಾಗಿ ಅನ್ನದ ಪ್ರಶ್ನೆಯಾಗಿದೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಒಕ್ಕಲಿಗನಿಗೆ ಎಷ್ಟು ನೀರು ಬೇಕು? ಅದನ್ನು ಅಂದಾಜು ಮಾಡುವ ಬಗೆ ಯಾವದು? ಆ ಅಂದಾಜನ್ನು ಮಾಡತಕ್ಕವರು ಯಾರು?

ಮೊದಲು ಶಬ್ದದ ಗೊಂದಲವನ್ನು ಕಳೆಯೋಣ. 'ಬೇಡಿಕೆ'ಯೆಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ತುರುಕಲಾಗಿದೆ. ಒಂದನೆಯದು ಪೈರಿನ ದಾಹ. ಎರಡನೆಯದು ಕಛೇರಿಯು ಆ ಹೊಲಕ್ಕೆ ಗೊತ್ತುಮಾಡಿದ ಪಾಲು. ಮೂರನೆಯದು ಒಕ್ಕಲಿಗನು ತನ್ನ ಸಾಲ, ತನ್ನ ಎತ್ತು, ತನ್ನ ಪೇಟೆ, ತನ್ನ ಭಯ ಇವೆಲ್ಲವನ್ನೂ ತೂಗಿನೋಡಿ ನಿಶ್ಚಯಿಸುವ ಇಚ್ಛೆ. ಮೊದಲನೆಯದನ್ನು ವಿಜ್ಞಾನವು ಹೇಳಬಲ್ಲದು. ಎರಡನೆಯದನ್ನು ಸರಕಾರವು ಹೇಳುತ್ತದೆ. ಮೂರನೆಯದನ್ನು ಹೇಳಬಲ್ಲವನು ಒಕ್ಕಲಿಗನೊಬ್ಬನೇ. ಮೊದಲಿನೆರಡನ್ನೇ ಮೂರನೆಯದೆಂದು ತಿಳಿದದ್ದೇ ನಮ್ಮ ನೀರಾವರಿಯ ಮೂಲದೋಷವೆಂಬುದು ನಮ್ಮ ವಾದ.

ಪೈರಿನ ದಾಹದ ಲೆಕ್ಕವನ್ನು ನಾವು ಅಲ್ಲಗಳೆಯುವವರಲ್ಲ. 1948ರಲ್ಲಿ ಇಂಗ್ಲಂಡದ ಪೆನ್‌ಮನ್ ಎಂಬ ವಿಜ್ಞಾನಿಯು ಬಿಸಿಲು, ಗಾಳಿ, ಶಾಖ, ಆರ್ದ್ರತೆ ಈ ನಾಲ್ಕರಿಂದ ನೆಲವು ಎಷ್ಟು ನೀರನ್ನು ಆವಿಯಾಗಿ ಕಳೆದುಕೊಳ್ಳುವದೆಂಬುದಕ್ಕೆ ಸೂತ್ರವನ್ನು ಕೊಟ್ಟನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘವು 1998ರಲ್ಲಿ ಆ ಸೂತ್ರದ ತಿದ್ದಿದ ರೂಪವನ್ನು ಎಲ್ಲ ದೇಶಗಳಿಗೂ ಒಂದೇ ಅಳತೆಗೋಲನ್ನಾಗಿ ಗೊತ್ತುಮಾಡಿತು. ಆ ಮೊತ್ತವನ್ನು ಪೈರಿನ ಜಾತಿ, ವಯಸ್ಸುಗಳಿಗೆ ತಕ್ಕ ಗುಣಕದಿಂದ ಗುಣಿಸಿ, ಉಪಯೋಗಕ್ಕೆ ಬಂದ ಮಳೆಯನ್ನು ಕಳೆದು, ಕಾಲುವೆಯ ಸೋರಿಕೆಯನ್ನು ಕೂಡಿಸಿದರೆ ಅಂದಾಜು ಸಿದ್ಧವಾಯಿತು. ಈ ಲೆಕ್ಕದ ಪ್ರಕಾರ ಭತ್ತಕ್ಕೆ ಸುಮಾರು 1200 ಮಿಲಿಮೀಟರು, ಎಂದರೆ 4 ಅಡಿ ನೀರು ಬೇಕು. ಜೋಳಕ್ಕೆ ಒಟ್ಟು 500 ಮಿಲಿಮೀಟರಿನ ಆಸುಪಾಸು ಸಾಕು, ಅದರಲ್ಲಿಯೂ ಮಳೆಯ ಮತ್ತು ಎರೆಮಣ್ಣಿನ ಹಸಿಯ ಪಾಲನ್ನು ಕಳೆದರೆ ಕಾಲುವೆಯಿಂದ ಬೇಕಾಗುವದು ಸುಮಾರು 1 ಅಡಿ.

ಶಿಕ್ಷಕ ಬಂಧುಗಳು ಇದನ್ನು ಹಲಗೆಯ ಮೇಲೆ ಬರೆದು ಹುಡುಗರಿಂದ ಬಿಡಿಸಲಿ. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. ಒಂದು ಎಕರೆಗೆ 43,560 ಚದರ ಅಡಿ. ಆದುದರಿಂದ ಒಂದು ಟಿ.ಎಂ.ಸಿ. ನೀರು ಸುಮಾರು 22,950 ಎಕರೆಯ ಮೇಲೆ ಒಂದು ಅಡಿ ನಿಲ್ಲುತ್ತದೆ. ದಾರಿಯ ಸೋರಿಕೆಯನ್ನು ಬಿಟ್ಟರೆ ಅದೇ ನೀರಿನಿಂದ ಸುಮಾರು 22,950 ಎಕರೆ ಜೋಳವನ್ನು ಉಳಿಸಬಹುದು. ಇಲ್ಲವೆ 5,740 ಎಕರೆ ಭತ್ತವನ್ನು ಬೆಳೆಯಬಹುದು. ನಾಲ್ವರ ಪಾಲು ಒಬ್ಬನಿಗೆ! ಈ ಒಂದು ಭಾಗಾಕಾರದಲ್ಲಿ ತುಂಗಭದ್ರೆಯ ಎಡದಂಡೆಯ ಕಥೆಯೆಲ್ಲವೂ ಅಡಗಿದೆ.

ಆದರೆ ಈ ಲೆಕ್ಕಕ್ಕೆ ಒಂದು ಕುಂದು ಉಂಟು. ಅದು ಸರಾಸರಿಯನ್ನು ನಂಬುತ್ತದೆ. ರಾಯಚೂರು ಸೀಮೆಯ ವಾರ್ಷಿಕ ಮಳೆಯು 600ರಿಂದ 700 ಮಿಲಿಮೀಟರೆಂದು ಪುಸ್ತಕವು ಹೇಳುತ್ತದೆ. ಆದರೆ ಪುಸ್ತಕದ ಮಳೆಯು ಹೊಲದಲ್ಲಿ ಬೀಳುವದಿಲ್ಲ. ಒಂದು ವರುಷ ಹೊಳೆಯಾಗಿ ಹರಿಯುತ್ತದೆ, ಮರುವರುಷ ಮೋಡವು ಮುಖ ತೋರಿಸಿ ತಿರುಗಿ ಹೋಗುತ್ತದೆ. ನದಿಯ ಸರಾಸರಿ ಆಳವನ್ನು ಗುಣಿಸಿ ಭಾಗಿಸಿ, ಮೊಳಕಾಲುದ್ದವೆಂದು ನಂಬಿ, ಹೆಂಡಿರು ಮಕ್ಕಳನ್ನು ನಡುಮಡುವಿನಲ್ಲಿ ಮುಳುಗಿಸಿದ ಲೆಕ್ಕಿಗನ ಕಥೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಯಲುಸೀಮೆಯಲ್ಲಿ ನೀರಿನ ಬೇಡಿಕೆಯು ಒಂದು ಸಂಖ್ಯೆಯಲ್ಲ. ಒಳ್ಳೆಯ ಮಳೆಯ ವರುಷ ಅದು ತಗ್ಗುತ್ತದೆ, ಕೆಟ್ಟ ವರುಷ ನಾಲ್ಕುಮಡಿಯಾಗುತ್ತದೆ. ಹೀಗೆ ಏರಿಳಿಯುವ ವಸ್ತುವನ್ನು ಒಂದೇ ಅಂಕೆಯಲ್ಲಿ ಕಟ್ಟಿಹಾಕಿದ ಯೋಜನೆಗಳ ಗತಿಯೇನಾಯಿತೆಂಬುದಕ್ಕೆ ಇತಿಹಾಸವು ಸಾಕ್ಷಿಯಾಗಿದೆ.

ಇದೇ ತುಂಗಭದ್ರೆಯ ಕೆಳದಂಡೆಗೆ ಹೋಗೋಣ. ಕರ್ನೂಲಿನ ಬಳಿಯ ಸುಂಕೇಸುಲದಲ್ಲಿ ಕಟ್ಟೆ ಕಟ್ಟಿ, ಕಡಪೆಯ ವರೆಗೆ ಸುಮಾರು 190 ಮೈಲು ಕಾಲುವೆ ತೋಡಲು 1858ರ ಹೊತ್ತಿಗೆ ಮದ್ರಾಸ್ ನೀರಾವರಿ ಕಂಪನಿಯೆಂಬ ಇಂಗ್ಲಿಷರ ಸಂಸ್ಥೆಯು ಹುಟ್ಟಿತು. ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯನ್ನು ಸರಕಾರವೇ ಖಾತ್ರಿ ಮಾಡಿತು. ಗೋದಾವರಿಯ ಅಣೆಕಟ್ಟಿನಿಂದ ಕೀರ್ತಿವಂತರಾದ ಸರ್ ಆರ್ಥರ್ ಕಾಟನ್ನರ ಉತ್ಸಾಹವು ಅದರ ಬೆನ್ನಿಗಿತ್ತು. ಗೋದಾವರಿಯ ಮುಖದಲ್ಲಿ ಭತ್ತದ ರೈತರು ನೀರಿಗೆ ಮುಗಿಬಿದ್ದಂತೆ ಇಲ್ಲಿಯೂ ಬೀಳುವರೆಂಬುದೇ ಎಲ್ಲರ ಎಣಿಕೆಯಾಗಿತ್ತು. ಕಾಲುವೆಯಾಯಿತು, ನೀರು ಹರಿಯಿತು, ಕೊಳ್ಳುವವರು ಬರಲಿಲ್ಲ! ಕಂಪನಿಯು ಮೇಲೇಳಲಿಲ್ಲ, ಕೊನೆಗೆ 1882ರಲ್ಲಿ ಸರಕಾರವು ಪ್ರಜೆಗಳ ಹಣದಿಂದಲೇ ಅದನ್ನು ಕೊಂಡುಕೊಳ್ಳಬೇಕಾಯಿತು.

ಆಗಿನ ದೊರೆಗಳು ರೈತನನ್ನು ಮೂಢನೆಂದು ಜರೆದರು. ಆದರೆ ಮೂಢರು ಯಾರು? ಎರೆಯ ಭೂಮಿಯ ಸ್ವಭಾವವನ್ನು ಬಲ್ಲವರಿಗೆ ಇದರ ಮರ್ಮವು ಕೂಡಲೆ ತಿಳಿಯುವದು. ಎರೆಮಣ್ಣು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹಿಂಗಾರಿಯ ಬಿಳಿಜೋಳವು ಆ ಹಸಿಯ ಮೇಲೆಯೇ ತೆನೆಗಟ್ಟುತ್ತದೆ. ಅಂಥ ಹೊಲಕ್ಕೆ ಕಾಲುವೆಯ ನೀರು ಬಿಟ್ಟ ಮರುದಿನ ಮಳೆ ಬಿದ್ದರೆ ಪೈರು ಕೊಳೆಯುತ್ತದೆ, ಎತ್ತು ಇಳಿಯಲಾರದೆ ಕಳೆ ಬೆಳೆಯುತ್ತದೆ. ಒಳ್ಳೆಯ ವರುಷ ನೀರು ಕೊಂಡವನಿಗೆ ಹಣವೂ ಹೋಯಿತು, ಬೆಳೆಯೂ ಹೋಯಿತು. ಧಾತು, ಈಶ್ವರ ಸಂವತ್ಸರಗಳ, ಎಂದರೆ 1876-78ರ ಮಹಾಕ್ಷಾಮದಲ್ಲಿ ಅದೇ ರೈತನಿಗೆ ಅದೇ ನೀರು ಅಮೃತವಾಯಿತು. ರೈತನು ಬದಲಾಗಲಿಲ್ಲ, ಋತುವು ಬದಲಾಯಿತು. ಅವನಿಗೆ ಬೇಕಾದದ್ದು ನಿತ್ಯದ ನೀರಲ್ಲ, ಆಪತ್ಕಾಲದ ನೀರು. ಈ ಭೇದವನ್ನು ಹೊಲಕ್ಕೆ ಹೋಗಿ ಯಾರಾದರೂ ಒಮ್ಮೆ ಕೇಳಿದ್ದರೆ ಅಷ್ಟು ಹಣವು ನೀರುಪಾಲಾಗುತ್ತಿರಲಿಲ್ಲ.

ಮುಂಬಯಿ ಪ್ರಾಂತದ ದಖ್ಖನಿನಲ್ಲಿಯೂ ಇದೇ ಕಥೆ. 1885ರಲ್ಲಿ ನೀರಾ ಕಾಲುವೆಯು ಬರಪರಿಹಾರಕ್ಕೆಂದು ಹರಿಯತೊಡಗಿತು. ಸಜ್ಜೆ ಜೋಳಗಳ ರೈತನು ಬರ ಬಂದಾಗ ಮಾತ್ರ ಕೈಚಾಚುತ್ತಿದ್ದನು. ಉಳಿದ ಕಾಲಕ್ಕೆ ಕಬ್ಬಿನವರು ಮೇಲಿಂದಲೇ ನೀರನ್ನು ಹೀರುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಲ್ಲಿ ಬ್ಲಾಕ್ ಪದ್ಧತಿಯನ್ನು ತಂದರು. ಹೊಲಗಳನ್ನು ತುಂಡುತುಂಡಾಗಿ ಗುಂಪುಗೂಡಿಸಿ, ಪ್ರತಿ ಗುಂಪಿನಲ್ಲಿ ಕಬ್ಬಿನಂಥ ಹೆಚ್ಚು ನೀರಿನ ಬೆಳೆಗೆ ಒಂದು ಅಂಶ, ಹಗುರ ಬೆಳೆಗಳಿಗೆ ಉಳಿದ ಅಂಶವೆಂದು ಗೊತ್ತುಮಾಡಿ, ಸರದಿಯಿಂದ ತಿರುಗಿಸಿ, ಹಲವು ವರುಷಗಳ ಕರಾರನ್ನು ಮಾಡಿಸಿ, ನೀರಿನ ಉಪಯೋಗವು ಕೆಲವೇ ಊರುಗಳಿಗೆ ಅಂಟಿಕೊಳ್ಳದೆ ಅನೇಕ ಊರುಗಳಿಗೆ ಹರಡುವಂತೆ ಯೋಜಿಸಿದರು. ಅವರ ಹಿರಿಮೆಯು ಎಲ್ಲಿದೆ? ಅವರು ಬೇಡಿಕೆಯನ್ನು ಊಹಿಸಲಿಲ್ಲ. ರೈತನೊಡನೆ ಲಿಖಿತ ಒಡಂಬಡಿಕೆ ಮಾಡಿಕೊಂಡು ಅದನ್ನು ನಿಶ್ಚಯಿಸಿಕೊಂಡರು. 'ಇಷ್ಟು ನೀರು, ಇಷ್ಟು ದಿನ, ತಪ್ಪದೆ' ಎಂಬ ಭರವಸೆಗೆ ಪ್ರತಿಯಾಗಿ 'ಇಷ್ಟೇ ಕಬ್ಬು' ಎಂಬ ಮಾತನ್ನು ಪಡೆದರು. ಭರವಸೆಯಿಲ್ಲದ ನಿರ್ಬಂಧವು ದಬ್ಬಾಳಿಕೆ. ನಿರ್ಬಂಧವಿಲ್ಲದ ಭರವಸೆಯು ದಿವಾಳಿ.

ಇನ್ನು ನಮ್ಮ ಅಂಗಳಕ್ಕೇ ಬರೋಣ. 1945ರ ಫೆಬ್ರವರಿಯಲ್ಲಿ ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ನದಿಯ ಬಲದಂಡೆಯು ಮದ್ರಾಸಿನ ಕೈಯಲ್ಲಿ, ಎಡದಂಡೆಯು ನಿಜಾಮನ ಕೈಯಲ್ಲಿ ಇದ್ದವು. ನಡುವೆ ಹರಿಯುವ ನದಿಯ ಎರಡೂ ದಡದಲ್ಲಿ ಕನ್ನಡ ಮಾತಾಡುವ ಒಕ್ಕಲಿಗನಿದ್ದನು. ಅವನಿಗೆ ಎಷ್ಟು ನೀರು ಬೇಕೆಂಬ ಲೆಕ್ಕವು ಮಾತ್ರ ಎರಡು ದೂರದ ರಾಜಧಾನಿಗಳಲ್ಲಿ, ಅವನದಲ್ಲದ ಭಾಷೆಗಳಲ್ಲಿ ನಡೆಯಿತು. 1953ರಲ್ಲಿ ನೀರು ಹರಿಯಿತು. ಈ ಯೋಜನೆಯ ಮೂಲಸಂಕಲ್ಪವು ಉದಾತ್ತವಾದದ್ದೆಂಬುದನ್ನು ಒಪ್ಪಲೇಬೇಕು. ತುಂಗೆ ಭದ್ರೆಯರು ಮಲೆನಾಡಿನಲ್ಲಿ ಹುಟ್ಟುವವರಾದುದರಿಂದ ರಾಯಚೂರಿನಲ್ಲಿ ಮಳೆ ತಪ್ಪಿದ ವರುಷವೂ ನದಿಯು ತುಂಬಿ ಬರಬಹುದು. ಆ ನೀರನ್ನು ತೆಳ್ಳಗೆ ಹರಡಿ, ಆದಷ್ಟು ಹೆಚ್ಚು ಹೊಲಗಳ ಜೋಳ, ಹತ್ತಿ, ಶೇಂಗಾಗಳನ್ನು ಬರದ ಬಾಯಿಂದ ಬಿಡಿಸುವದೇ ಉದ್ದೇಶವಾಗಿತ್ತು. ಅದಕ್ಕಾಗಿ 'ಲೋಕಲೈಜೇಷನ್' ಎಂಬ ಹೆಸರಿನಿಂದ ಸರ್ವೆ ನಂಬರು ಸರ್ವೆ ನಂಬರಿಗೆ ಬೆಳೆಯನ್ನು ಗೊತ್ತುಮಾಡಿದರು. ಇದು ಮುಂಗಾರಿಯ ಹಗುರ ಬೆಳೆಗೆ, ಇದು ಹಿಂಗಾರಿಗೆ, ಇದು ಭತ್ತಕ್ಕೆ, ಇದು ತೋಟಕ್ಕೆ.

ಕಾಗದದ ಮೇಲೆ ಇದಕ್ಕಿಂತ ಸುಂದರವಾದ ಚಿತ್ರವಿಲ್ಲ. ಹೊಲದಲ್ಲಿ ಏನಾಯಿತು? ಕರಾವಳಿ ಆಂಧ್ರದಿಂದ ಬಂದ ರೈತರು ಗಂಗಾವತಿ, ಸಿಂಧನೂರು ತಾಲೂಕುಗಳಲ್ಲಿ ಭೂಮಿ ಕೊಂಡು, ಮಟ್ಟಮಾಡಿ, ಕ್ಯಾಂಪುಗಳನ್ನು ಕಟ್ಟಿ ಭತ್ತ ಹಚ್ಚಿದರು. ನೋಡಿದ ಸ್ಥಳೀಕರೂ ಹಚ್ಚಿದರು. ಅಕ್ಕಿಯ ಗಿರಣಿಗಳೆದ್ದವು, ಸೋನಾ ಮಸೂರಿಯ ಹೆಸರು ದೇಶಾಂತರಕ್ಕೆ ಹೋಯಿತು. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯ ತಲೆಯಲ್ಲಿ ಎರಡು ಬೆಳೆ ಭತ್ತ. ಬಾಲದಲ್ಲಿ ಮಾನ್ವಿ, ಸಿರವಾರ, ರಾಯಚೂರುಗಳ ರೈತರು ಮೈಲು 104ರ ಗೇಜಿನಲ್ಲಿ ನೀರು ಎಷ್ಟು ನಿಂತಿದೆಯೆಂದು ಪಂಚಾಂಗವನ್ನು ನೋಡುವಂತೆ ನೋಡುತ್ತ ಕುಳಿತರು. ನಾರಾಯಣಪುರದ ಎಡದಂಡೆಯಲ್ಲಿಯೂ ಕೃಷ್ಣೆಯ ನೀರು ಹರಿದ ಮೇಲೆ ಇದೇ ನಾಟಕವು ಪಾತ್ರ ಬದಲಿಸಿ ನಡೆಯಿತು.

ಇಲ್ಲಿ ನಾವು ಯಾವ ಸೀಮೆಯ ರೈತನನ್ನೂ ದೂರುವದಿಲ್ಲ. ಹೊರಗಿನಿಂದ ಬಂದವನು ಬೆವರು ಸುರಿಸಿದ್ದಾನೆ, ಒಳಗಿನವನು ಕಲಿತಿದ್ದಾನೆ. ದೋಷವು ಅಂದಾಜಿನದು. ಭತ್ತಕ್ಕೆ ಪೇಟೆಯಿದೆ, ಜೋಳಕ್ಕೆ ಬೆಲೆಯಿಲ್ಲ. ನೀರಿನ ಕರವನ್ನು ಎಕರೆಯ ಮೇಲೆ ಹಾಕುತ್ತಾರೆ, ಅಳತೆಯ ಮೇಲೆ ಅಲ್ಲ. ಆದುದರಿಂದ ಒಮ್ಮೆ ಕರ ಕಟ್ಟಿದವನಿಗೆ ಹೆಚ್ಚಿನ ನೀರು ಪುಕ್ಕಟೆ. ಮುಂದಿನ ಸರದಿಯು ಬರುವದೋ ಇಲ್ಲವೋ ಎಂಬ ಸಂಶಯವುಳ್ಳವನು ಗದ್ದೆಯಲ್ಲಿ ನೀರು ನಿಲ್ಲಿಸಿಕೊಂಡರೆ ಆ ಗದ್ದೆಯೇ ಅವನ ಪುಟ್ಟ ಕೆರೆ. ಮೇಲಿನವನು ಭತ್ತ ಹಚ್ಚಿದರೆ ಸೋರಿದ ನೀರಿನಿಂದ ಕೆಳಗಿನವನ ಜೋಳದ ಹೊಲವು ತಾನಾಗಿಯೇ ಜವಳಾಗುತ್ತದೆ. ಆಗ ಅವನೂ ಭತ್ತವನ್ನೇ ಹಚ್ಚಬೇಕು. ಕೊನೆಗೆ ಇಬ್ಬರ ಭೂಮಿಯೂ ಸವಳು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವಳು ಭೂಮಿಯನ್ನು ತಿದ್ದುವದನ್ನೇ ಒಂದು ಕಸುಬನ್ನಾಗಿ ಮಾಡಿಕೊಳ್ಳಬೇಕಾಗಿ ಬಂದದ್ದು ಈ ಅಂದಾಜಿನ ಮೇಲೆ ಭೂಮಾತೆಯು ಬರೆದ ಷರಾ ಅಲ್ಲವೆ? ಇವುಗಳಲ್ಲಿ ಯಾವದನ್ನು ಪೈರಿನ ದಾಹದ ಸೂತ್ರವು ಹೇಳಿತು?

ಇನ್ನು ಪ್ರತಿಪಕ್ಷದ ಮಾತುಗಳನ್ನೂ ಕೇಳೋಣ. 'ನೀರಿನ ದರವನ್ನು ಏರಿಸಿರಿ, ಬೇಡಿಕೆಯು ತಾನೇ ಇಳಿಯುವದು' ಎಂದು ಅರ್ಥಶಾಸ್ತ್ರ ಬಲ್ಲವರು ಹೇಳುವರು. ಸರಿ, ಆದರೆ ಅಳೆಯದ ವಸ್ತುವಿಗೆ ದರವೆಲ್ಲಿಯದು? ತೂಬಿಗೆ ಅಳತೆಗೋಲಿಲ್ಲದೆ ದರವನ್ನು ಏರಿಸಿದರೆ, ಬಾರದ ನೀರಿಗೆ ಬಾಲದವನು ಹೆಚ್ಚು ತೆರುವನು, ಬಂದ ನೀರನ್ನು ತಲೆಯವನು ಮೊದಲಿನಷ್ಟೇ ಕುಡಿಯುವನು. 'ರೈತನನ್ನು ಕೇಳಿದರೆ ಅವನು ಇದ್ದ ನೀರನ್ನೆಲ್ಲ ಕೇಳುವನು' ಎಂದು ಇನ್ನೊಬ್ಬರು ಹೇಳುವರು. ಕೇಳಲಿ! ಎಲ್ಲರೂ ಒಂದೇ ಚಾವಡಿಯಲ್ಲಿ ಕುಳಿತು, ಇರುವದಿಷ್ಟೇ ಎಂಬುದನ್ನು ಕಣ್ಣಾರೆ ಕಂಡು ಕೇಳಿದಾಗ ಅತಿಯಾಸೆಗೆ ನೆರೆಯವನೇ ಅಂಕುಶನಾಗುವನು. ಕತ್ತಲೆಯಲ್ಲಿ ಕೇಳಿದ್ದಕ್ಕೆ ಮಿತಿಯಿಲ್ಲ. ಬೆಳಕಿನಲ್ಲಿ ಕೇಳಿದ್ದಕ್ಕೆ ಲಜ್ಜೆಯುಂಟು.

'ಹೇಗೂ ಎಪ್ಪತ್ತು ವರುಷ ನಡೆದುಬಂದಿದೆ, ಈಗ ಅವಸರವೇನು?' ಎನ್ನುವವರೂ ಉಂಟು. ಅವಸರವೇನೆಂದರೆ, ಕೊಡುವ ಕೈಯೇ ಸೊರಗುತ್ತಿದೆ. ಮೊದಲಿಗೆ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ, 2016ರ ಅಳತೆಯಂತೆ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ಕಳೆದುಹೋದ 27 ಟಿ.ಎಂ.ಸಿ. ಜಾಗವನ್ನು ಮೇಲಿನ ಭಾಗಾಕಾರಕ್ಕೆ ಹಚ್ಚಿದರೆ ಒಂದು ಅಡಿಯ ಲೆಕ್ಕದಲ್ಲಿ 6 ಲಕ್ಷ ಎಕರೆಯ ನೀರಾಯಿತು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ, ತಡೆಹಲಗೆಗಳು ಕೂಡುವ ವರೆಗಿನ ಆ ಒಂದು ವಾರ ಎರಡು ದಂಡೆಗಳ ಒಕ್ಕಲಿಗರಿಗೆ ನಿದ್ರೆಯಿರಲಿಲ್ಲ. ಬೇಡಿಕೆಯ ಆಳವು ಕಾಣದೆಂದವರು ಆ ವಾರ ಅಣೆಕಟ್ಟಿನ ಕಡೆಗೆ ನೆಟ್ಟ ಕಣ್ಣುಗಳನ್ನು ನೋಡಬೇಕಾಗಿತ್ತು.

ಆದುದರಿಂದ ನಾವು ಆಗ್ರಹಪೂರ್ವಕವಾಗಿ ಹೇಳುವದು ಇಷ್ಟು.

ಒಂದನೆಯದು: ಬೇಡಿಕೆಯ ಅಂದಾಜನ್ನು ತೂಬುತೂಬಿಗೆ ಮಾಡತಕ್ಕದ್ದು. ಇಡೀ ಕಾಲುವೆಗೆ ಒಂದೇ ಮೊತ್ತವನ್ನು ಹೇಳುವದೆಂದರೆ ತಲೆಯ ಅಜೀರ್ಣವನ್ನೂ ಬಾಲದ ಉಪವಾಸವನ್ನೂ ಕೂಡಿಸಿ 'ಎಲ್ಲರೂ ಉಂಡರು' ಎಂದಂತೆ.

ಎರಡನೆಯದು: ಬಿತ್ತದೆ ಬಿಟ್ಟ ಹೊಲವನ್ನೂ ಎಣಿಸತಕ್ಕದ್ದು, ಏಕೆ ಬಿತ್ತಲಿಲ್ಲವೆಂದು ಒಡೆಯನನ್ನು ಕೇಳಿ ಬರೆದುಕೊಳ್ಳತಕ್ಕದ್ದು. ನೀರಿನ ಅಪನಂಬಿಕೆಯಿಂದ ಬೀಳುಬಿಟ್ಟ ಪ್ರತಿ ಎಕರೆಯೂ ಬೇಡಿಕೆಯೇ.

ಮೂರನೆಯದು: ಒಳ್ಳೆಯ ಮಳೆ, ನಡುಮಳೆ, ಬರ ಈ ಮೂರು ವರುಷಗಳಿಗೆ ಮೂರು ಅಂದಾಜುಗಳನ್ನು ಮೊದಲೇ ಸಿದ್ಧಪಡಿಸಿ, ಬಿತ್ತಿಗೆಗೆ ಮುಂಚೆ ಕನ್ನಡದಲ್ಲಿ ಊರೂರಿಗೆ ಸಾರತಕ್ಕದ್ದು. ಸಸಿ ಹಚ್ಚಿದ ಮೇಲೆ ಸೇರುವ ಸಲಹಾ ಸಮಿತಿಯು ಸಲಹೆ ಕೊಡುವದು ಯಾರಿಗೆ?

ನಾಲ್ಕನೆಯದು: ನೀರು ಬಳಕೆದಾರರ ಸಹಕಾರ ಸಂಘಗಳ ಕೈಗೆ ನೀರನ್ನು ಅಳೆದು ಕೊಟ್ಟು, ಒಳಗಿನ ಹಂಚಿಕೆಯನ್ನು ಅವರಿಗೇ ಬಿಡತಕ್ಕದ್ದು. ನೀರನ್ನು ಅಳೆದು ಒಪ್ಪಿಸದೆ ಹೆಸರಿಗೆ ಮಾತ್ರ ಕಟ್ಟಿದ ಸಂಘವು ಎಣ್ಣೆಯಿಲ್ಲದ ದೀಪ.

ಐದನೆಯದು: ಹಗುರ ಬೆಳೆಯನ್ನು ಬೆಳೆಯೆಂದು ಹೇಳುವ ಸರಕಾರವು ಆ ಬೆಳೆಗೆ ಬೆಲೆಯನ್ನೂ ಕೊಡತಕ್ಕದ್ದು. ಜೋಳದ ಉಪದೇಶವನ್ನು ಮಾಡಿ ಅಕ್ಕಿಯನ್ನೇ ಕೊಳ್ಳುವವನ ಮಾತನ್ನು ಯಾರು ಕೇಳುವರು?

ಕೊನೆಗೆ ನಮ್ಮ ವಾಚಕರಾದ ಶಿಕ್ಷಕರಿಗೂ ಪಟ್ಟಣದ ಸುಶಿಕ್ಷಿತರಿಗೂ ಒಂದು ಮಾತು. ಇದು ಇಂಜಿನಿಯರರ ಕೆಲಸವೆಂದು ನೀವು ಕೈಕಟ್ಟಿ ಕುಳಿತುಕೊಳ್ಳಬೇಡಿರಿ. ಕಾಲುವೆಯ ಬದಿಯ ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಆ ಊರ ತೂಬಿನ ಗೇಜಿನ ಅಂಕೆಯನ್ನು ಹುಡುಗರು ದಿನವೂ ಬರೆಯಲಿ. ಒಂದು ಕ್ಯೂಸೆಕ್ ನೀರು ಹಗಲೂ ಇರುಳೂ ಹರಿದರೆ ಒಂದು ಎಕರೆಯ ಮೇಲೆ ಸುಮಾರು 2 ಅಡಿ ನಿಲ್ಲುವದೆಂಬುದನ್ನು ಅವರು ಮಗ್ಗಿಯಂತೆ ಬಾಯಿಪಾಠ ಮಾಡಲಿ. ಲೆಕ್ಕ ಬಲ್ಲ ಊರಿಗೆ 'ನಿಮಗೆ ಬೇಡಿಕೆ ಇಲ್ಲ'ವೆಂದು ಹೇಳುವ ಎದೆಗಾರಿಕೆಯು ಯಾರಿಗೂ ಬರಲಾರದು.

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು. ಮದ್ರಾಸಿನ ಗೆರೆ ಅಳಿಯಿತು, ಹೈದರಾಬಾದಿನ ಗೆರೆ ಅಳಿಯಿತು. ಆದರೆ ಒಂದೇ ಕಾಲುವೆಯ ತಲೆಗೂ ಬಾಲಕ್ಕೂ ನಡುವಿನ ಗೆರೆಯು ಇನ್ನೂ ಅಳಿದಿಲ್ಲ. ಗಂಗಾವತಿಯ ಗದ್ದೆಯೂ ಮಾನ್ವಿಯ ಎರೆಯೂ ಒಂದೇ ತಾಯಿಯ ಮಡಿಲೆಂದು ಭಾಷಣದಲ್ಲಿ ಹೇಳುವವರು, ಮೊದಲು ಆ ಇಬ್ಬರು ಮಕ್ಕಳ ಬಾಯಾರಿಕೆಯನ್ನು ಒಂದೇ ಕೊಳಗದಿಂದ ಅಳೆಯಲಿ. ಆ ದಿನ ನಮ್ಮ ಏಕೀಕರಣವು ನೆಲದ ಮೇಲೆ ಮಾತ್ರವಲ್ಲ, ನೀರಿನಲ್ಲಿಯೂ ಆಯಿತೆಂದು ನಾವು ಒಪ್ಪುವೆವು.